ಮುದ್ದೆಯೊಳಗಿನ ಅವರೆಕಾಳು

ಮಗಳು ಶಾಲೆಗೆ ಸೌರಮಂಡಲದ ಮಾದರಿ ಮಾಡಲೆಂದು ಜೇಡಿಮಣ್ಣಿನ ಉಂಡೆ ಕಟ್ಟುತ್ತಿದ್ದಳು. ಅದನ್ನು ಕಂಡದ್ದೇ ಉರಿಗಾಂನ ನಮ್ಮ ಹಳೇ ಮನೆಯ ಬಿಸಿ ಮುದ್ದೆಯ ವಾಸನೆ ಮೂಗಿಗೆ ಬಂತು.

ಅಪ್ಪ ಅಲ್ಲಿನ ಚಿನ್ನದ ಗಣಿಗೆ ಇಳಿಯುತ್ತಿದ್ದ. ಊಟಕ್ಕೆ ಕೂತಾಗಲೂ ಅವನ ಉಗುರಿನಲ್ಲಿ ಕಲ್ಲಿನ ಪುಡಿ ಇರುತ್ತಿತ್ತು. ಹಗಲು ರಾತ್ರಿ ಹೇಗಾಗುತ್ತವೆ ಎಂದು ನಾನೊಮ್ಮೆ ಕೇಳಿದ್ದಕ್ಕೆ, ಮುದ್ದೆಯನ್ನು ಬುಡ್ಡಿದೀಪದ ಮುಂದೆ ಹಿಡಿದ.

“ದೀಪ ಸೂರ್ಯ, ಇದು ಬೂಮಿ ಕಣ್ಲಾ. ನೀನು, ನಿಮ್ಮಮ್ಮ ಇಲ್ಲಿದೀರ,” ಎಂದು ಎರಡು ಅವರೆಕಾಳು ಮೇಲೆ ಅಂಟಿಸಿದ.

“ನೀನೆಲ್ಲಪ್ಪ?”

ಇನ್ನೊಂದು ಕಾಳನ್ನು ಬೆರಳಿನಿಂದ ಮುದ್ದೆಯ ಆಳಕ್ಕೆ ಒತ್ತಿದ. “ನಾನು ಒಳಗೆ.”

ಎಷ್ಟು ತಿರುಗಿಸಿದರೂ ಆ ಕಾಳಿಗೆ ಬೆಳಕು ಬೀಳಲಿಲ್ಲ. ನನಗೆ ಅಳು ಬಂತು. ಅಪ್ಪ ಮುದ್ದೆ ಮುರಿದು, ಸಾರಿಗದ್ದಿ ಉಂಡ.

ಗಣಿ ಮುಚ್ಚಿದಾಗ ಊರೆಲ್ಲ ಅತ್ತಿತು. ಇನ್ನು ಅಪ್ಪನಿಗೂ ಬಿಸಿಲು ಸಿಗುತ್ತದಲ್ಲ ಎಂದು ನಾನೊಬ್ಬ ಒಳಗೊಳಗೇ ಹಿಗ್ಗಿದೆ. ಎದೆಗೆ ಸೇರಿದ್ದ ಕಲ್ಲುಧೂಳು ಅವನನ್ನು ಹೆಚ್ಚು ದಿನ ಉಳಿಸಲಿಲ್ಲ. ಬಂಗಾರಪೇಟೆ ಹತ್ತಿರದ ನಮ್ಮ ಹಳ್ಳಿಯಲ್ಲಿ ಮಣ್ಣು ಮಾಡಿದೆವು.

ಇದನ್ನೆಲ್ಲ ಕೇಳಿದ ಮಗಳು ಅಡುಗೆಮನೆಯಿಂದ ಒಂದು ಅವರೆಕಾಳು ತಂದು, ಉಂಡೆಯನ್ನೂ ನನ್ನ ಕೈಗಿಟ್ಟು ಕೇಳಿದಳು: “ಈಗ ತಾತ ಎಲ್ಲವ್ರಪ್ಪ?”

ನಾನು ಕಾಳನ್ನು ಮತ್ತೆ ಒಳಕ್ಕೇ ಒತ್ತಿದೆ.