ಬನಹಟ್ಟಿಯ ಗೋಡೆಗೆ ತೂಗಿದ ಮೇನ್ ಸಂಸ್ಥಾನ

ಮೊನ್ನೆ ಮಧ್ಯಾಹ್ನ ನೀವು ಮೂವರೂ ಪಡಸಾಲೆಯಲ್ಲಿ ಬೋರಲು ಬಿದ್ದು ರಟ್ಟಿನ ತುಂಡುಗಳನ್ನು ಜೋಡಿಸುತ್ತಿದ್ದಿರಿ. ಅಮೇರಿಕದ ನಕಾಶೆ ಅದು. ಎಲ್ಲ ಕೂಡಿಸಿದ ಮೇಲೆ ಮೇಲ್ಗಡೆ ಬಲಮೂಲೆಯಲ್ಲಿ ಒಂದು ತೂತು ಉಳಿಯಿತು. ತುಂಡು ಕಳೆದುಹೋಗಿತ್ತು. "ಇಲ್ಲಿ ಯಾವ ರಾಜ್ಯ ಬರ್ತದ?" ಎಂದು ದೊಡ್ಡವಳು ಕೇಳಿದಳು. ಸಣ್ಣವನು ಪೆಟ್ಟಿಗೆಯ ಮುಚ್ಚಳ ನೋಡಲು ಎದ್ದ. ಮೆಂತ್ಯದ ಸೊಪ್ಪು ಸೋಸುತ್ತ ಕೂತಿದ್ದ ನಾನು ತಲೆ ಎತ್ತದೆ ಹೇಳಿದೆ: "ಮೇನ್. ರಾಜಧಾನಿ ಅಗಸ್ಟಾ. ದಕ್ಷಿಣಕ್ಕ ಸಮುದ್ರ."

ಬೀಸುವ ಕಲ್ಲು ಮಾತಾಡಿದರೆ ಹೇಗೆ ನೋಡುತ್ತೀರೋ ಹಾಗೆ ನೋಡಿದಿರಿ. ನಿಮ್ಮದು ತಪ್ಪಲ್ಲ. ಬೀಗರು ಬಂದರೆ ಒಳಕೋಣೆ ಸೇರುವವಳು ನಾನು. ಜಮಖಂಡಿಯ ಬಸ್ ಸ್ಟ್ಯಾಂಡಿನಲ್ಲಿ ಮುಧೋಳದ ಬಸ್ ಬಿಟ್ಟು ಬಿಜಾಪುರದ ಬಸ್ ಹತ್ತಿ ಕೂತವಳು. ನಿಮ್ಮ ಅಜ್ಜನವರು ಇದ್ದಾಗ, "ಈಕೀನ್ನ ಒಬ್ಬಾಕೀನ ಬಿಟ್ರ ಬಾವಿ ಕಟ್ಟೀಗೆ ಹೋಗಿ ಬರಾಕೂ ಹಾದಿ ಕೇಳತಾಳ" ಎಂದು ಊರೆಲ್ಲ ಹೇಳುತ್ತಿದ್ದರು. ಅಂಥವಳಿಗೆ ಅಗಸ್ಟಾ ಹೇಗೆ ಗೊತ್ತು ಎಂದು ನೀವು ಕೇಳಿದಿರಿ. ಒಲೆಯ ಮೇಲೆ ಹಾಲು ಇದೆ ಎಂದು ಸುಳ್ಳು ಹೇಳಿ ಎದ್ದುಹೋದೆ. ಎದುರು ಕೂತು ಹೇಳಬೇಕೆಂದರೆ ನನಗೆ ಬೆವರು ಬರುತ್ತದೆ. ಬರೆಯುವುದಕ್ಕೆ ಬೆವರಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನೀವು ಆಡಲು ಹೊರಗೆ ಹೋದ ಮೇಲೆ ಒಂದು ತುಂಡನ್ನು ಮೂಗಿಗೆ ಹಿಡಿದೆ. ಹಸಿ ಅಂಟಿನ ಹುಳಿ ವಾಸನೆ. ನಮ್ಮಜ್ಜನ ಗಂಜಿಗಡಿಗೆಯದೂ ಅದೇ ವಾಸನೆ.

ನಮ್ಮಜ್ಜ ಬನಹಟ್ಟಿಯ ನೇಕಾರ. ಮಗ್ಗಕ್ಕೆ ಏರಿಸುವ ನೂಲಿಗೆ ಗಂಜಿ ಉಣಿಸುವುದರಲ್ಲಿ ಎತ್ತಿದ ಕೈ. ಮಾತಿನಲ್ಲಿಯೂ ಅಷ್ಟೇ. ನಮ್ಮ ಆಯಿ, ಎಂದರೆ ಅಜ್ಜನ ಹೆಂಡತಿ, ರಬಕವಿಯವಳು. ಈಗ ನಿಮಗೆ ರಬಕವಿ ಬನಹಟ್ಟಿ ಎಂದರೆ ಒಂದೇ ಊರಿನ ಎರಡು ಹೆಸರು. ಆಗ ಹಾಗಲ್ಲ. ಬನಹಟ್ಟಿ ಜಮಖಂಡಿ ಸಂಸ್ಥಾನದ್ದು, ರಬಕವಿ ಸಾಂಗಲಿಯದು. ನಡುವೆ ಒಂದು ಗಡಿಕಲ್ಲು. ಆಯಿ ಮದುವೆಯಾಗಿ ಕಲ್ಲು ದಾಟಿ ಬಂದು ಮೊಮ್ಮಕ್ಕಳನ್ನು ಕಂಡಿದ್ದರೂ ಅಜ್ಜನ ಲೆಕ್ಕದಲ್ಲಿ ಪರಸಂಸ್ಥಾನದವಳೇ. ಸಾರಿಗೆ ಉಪ್ಪು ಹೆಚ್ಚಾದರೆ, "ಸಾಂಗಲಿ ಉಪ್ಪು ಭಾಳ ಜೋರ ಬೇ" ಎನ್ನುತ್ತಿದ್ದ. "ಜಮಖಂಡಿ ನಾಲಿಗೀನ ಮೆತ್ತಗರಿ" ಎಂದು ಆಯಿ ಇನ್ನೊಂದು ಸೌಟು ಬಡಿಸುತ್ತಿದ್ದಳು.

ನಮ್ಮ ಓಣಿಯಲ್ಲಿ ಹುಡುಗಿಯರ ಸಾಲೆ ಒಂದಿತ್ತು. ಮೂರು ಇಯತ್ತೆಗಳಿಗೆ, ಎಂದರೆ ತರಗತಿಗಳಿಗೆ, ಒಂದೇ ಕೋಣೆ, ಒಬ್ಬರೇ ಅಕ್ಕೋರು. ಗಂಗೂ ಅಕ್ಕೋರು ಬಿಳಿ ಸೀರೆಯ, ಸಣ್ಣ ದನಿಯ ಹೆಂಗಸು. ಸಾಲೆ ಮುಚ್ಚಿದರೆ ಅಣ್ಣನ ಮನೆಯ ಅಡಿಗೆಕೋಣೆಯೇ ಅವರಿಗೆ ಗತಿ. ನನಗೂ ಒಂದು ಗತಿ ಕಾದಿತ್ತು. ಅಜ್ಜ ಆಗಲೇ ಹೇಳಿಬಿಟ್ಟಿದ್ದ: "ಇಯತ್ತೆ ಇರೂತನಾ ಸಾಲಿ. ಇಯತ್ತೆ ಮುಗೀತು ಅಂದ್ರ ಲಗ್ನ." ನಾನು ಮೂರನೆಯದರಲ್ಲಿದ್ದೆ, ಮೇಲೆ ನಾಲ್ಕನೆಯದು ಇರಲಿಲ್ಲ. ತೇರದಾಳದ ಕಡೆಯ ಒಂದು ಮನೆಯವರು ನನ್ನನ್ನು ಒಮ್ಮೆ ನೋಡಿಕೊಂಡೂ ಹೋಗಿದ್ದರು. ನಾನು ಕಂಬದ ಹಿಂದೆ ನಿಂತಿದ್ದರಿಂದ ಅವರು ನೋಡಿದ್ದು ಬಹಳಮಟ್ಟಿಗೆ ಕಂಬವನ್ನೇ.

ನಾಲ್ಕನೇ ಇಯತ್ತೆ ಕೊಡಿರಿ ಎಂದು ಅಕ್ಕೋರು ದಿಪೋಟಿ ಸಾಹೇಬರನ್ನು ಕೇಳಿದ್ದರು. ದಿಪೋಟಿ ಎಂದರೆ ಸಾಲೆಗಳನ್ನು ತಪಾಸಣೆ ಮಾಡುವ ಅಧಿಕಾರಿ. ಅವರು ಅಂದಿದ್ದರಂತೆ: "ನಾಕನೇದಕ್ಕ ಭೂಗೋಲ ಐತಿ. ಭೂಗೋಲಕ್ಕ ನಕಾಶಿ ಬೇಕು. ಸಂಸ್ಥಾನದ ನಕಾಶಿ ಗ್ವಾಡಿಗೆ ಏರಲಿ, ನೋಡೋಣು." ಆದರೆ ನಕಾಶೆ ಬರಲಿಲ್ಲ. ದೂರದಲ್ಲೆಲ್ಲೋ ಯುದ್ಧ ನಡೆದಿತ್ತು, ಕಾಗದಕ್ಕೆ ತತ್ವಾರ ಬಂದಿತ್ತು. ಬರೆಯುವ ಹಾಳೆಗೇ ಗತಿ ಇಲ್ಲದಾಗ ಗೋಡೆಗೆ ಅಂಥ ದೊಡ್ಡ ಹಾಳೆ ಯಾರು ಕೊಡುತ್ತಾರೆ?

ಅದನ್ನು ಕೊಟ್ಟವರು ಒಬ್ಬ ಅಮೇರಿಕದ ಡಾಕ್ಟರ್ ಬಾಯಿ. ದೂರದ ದವಾಖಾನೆಯೊಂದರಿಂದ ಹಳ್ಳಿಗಳ ಬಾಣಂತಿಯರನ್ನು ನೋಡಲು ಮೋಟಾರಿನಲ್ಲಿ ಬರುತ್ತಿದ್ದರು. ಒಂದು ಬೇಸಿಗೆಯಲ್ಲಿ ಆ ಮೋಟಾರು ಸರಿಯಾಗಿ ಗಡಿಕಲ್ಲಿನ ಹತ್ತಿರ ಕೆಟ್ಟು ನಿಂತಿತು. ಮುಂದಿನ ಗಾಲಿ ಸಾಂಗಲಿಯಲ್ಲಿ, ಹಿಂದಿನ ಗಾಲಿ ಜಮಖಂಡಿಯಲ್ಲಿ. ಯಾವ ಊರಿನ ಎತ್ತು ಎಳೆಯಬೇಕು ಎಂದು ಜನ ವಾದಿಸುತ್ತಿರುವಾಗ ಬಾಯಿ ನಮ್ಮ ಕಟ್ಟೆಗೆ ಬಂದು ಕೂತರು. ಮುರುಕು ಮರಾಠಿ, ತುಸು ಕನ್ನಡ ಬರುತ್ತಿತ್ತು. ಅಜ್ಜ ಕೇಳಿದ:

"ಬಾಯಾರ, ನಿಮ್ಮದು ಯಾವ ಸಂಸ್ಥಾನರಿ?"

"ಮೇನ್."

"ರಾಜರು ಯಾರ್ರಿ?"

ರಾಜರಿಲ್ಲ, ಜನರೇ ಒಬ್ಬನನ್ನು ಆರಿಸುತ್ತಾರೆ ಎಂದರು ಬಾಯಿ. ಅಜ್ಜನ ಮುಖ ಸಣ್ಣದಾಯಿತು. ಒಳಗೆ ಬಂದು ಆಯಿಗೆ ಹೇಳಿದ: "ಪಾಪ, ದಿಕ್ಕಿಲ್ಲದ ಸಂಸ್ಥಾನ. ಇನ್ನಷ್ಟ ಮಜ್ಜಿಗಿ ಕೊಡು ಆಕಿಗೆ."

ಆ ಮಜ್ಜಿಗೆಯ ಉಪಕಾರಕ್ಕೋ ಏನೋ, ಮುಂದಿನ ಸಲ ಬಂದಾಗ ತಮ್ಮ ಸೀಮೆಯ ನಕಾಶೆಯನ್ನೇ ತಂದು ಅಕ್ಕೋರ ಕೈಯಲ್ಲಿಟ್ಟರು. ಮೇಣಬಟ್ಟೆಯ ಬೆನ್ನಿನ, ಎರಡೂ ತುದಿಗೆ ಕೋಲು ಇದ್ದ ದೊಡ್ಡ ನಕಾಶೆ. ಅಲ್ಲಿಂದ ಮುಂದೆ ಆ ಹಾದಿಯಲ್ಲಿ ಬಂದಾಗಲೆಲ್ಲ ಸಾಲೆಗೆ ಇಣುಕಿ, ಕೋಲಿನಿಂದ ಒಂದು ನದಿ ತೋರಿಸಿ, ಒಂದು ಕತೆ ಹೇಳಿ ಹೋಗುತ್ತಿದ್ದರು. ಇದ್ದ ಒಂದೇ ನಕಾಶೆಯನ್ನು ಬರಿದೆ ತೂಗುಹಾಕಲು ಅಕ್ಕೋರಿಗೆ ಮನಸ್ಸಾಗಲಿಲ್ಲ. ಕಲಿಸಿಯೇಬಿಟ್ಟರು. ಹೀಗೆ ಕೃಷ್ಣೆಯ ದಂಡೆಯ ನೇಕಾರರ ಹುಡುಗಿಯರಾದ ನಾವು ಪೆನಾಬ್‌ಸ್ಕಾಟ್, ಕೆನೆಬೆಕ್ ಎಂದು ಎರಡು ಪರದೇಶಿ ನದಿಗಳನ್ನು ರಾಗವಾಗಿ ಹೇಳತೊಡಗಿದೆವು.

ನನಗೆ ಆ ಊರು ಹಿಡಿಸಿಬಿಟ್ಟಿತು. ಬರೀ ಬಂಡೆಗಲ್ಲಿನ ದಂಡೆ, ಎಣಿಸಲಾಗದಷ್ಟು ನಡುಗಡ್ಡೆ, ಒಳಗೆಲ್ಲ ದೇವದಾರಿನಂಥ ಮರಗಳ ಅಡವಿ. ಆ ಮರಗಳಿಂದ ಹಡಗಿನ ಕಂಬ ಮಾಡುತ್ತಿದ್ದರಂತೆ. ಅಲ್ಲಿಯ ಮೂಲದ ಜನ ತಮ್ಮನ್ನು ಬೆಳಗಿನ ನಾಡಿನವರು ಎಂದು ಕರೆದುಕೊಳ್ಳುತ್ತಿದ್ದರಂತೆ, ಹೊತ್ತು ಮೊದಲು ಅಲ್ಲಿ ಮೂಡುವುದರಿಂದ. ಮೈಮೇಲೆ ಚಿಪ್ಪಿರುವ ದೊಡ್ಡ ಏಡಿಯನ್ನು ಕುದಿಸಿ ತಿನ್ನುತ್ತಾರೆ ಎಂದಾಗ ನಾವು ಹದಿನೇಳು ಲಿಂಗವಂತ ಹುಡುಗಿಯರೂ ಒಟ್ಟಿಗೆ ಮೂಗು ಮುಚ್ಚಿಕೊಂಡೆವು. ಚಳಿಗಾಲದಲ್ಲಿ ನದಿಯೇ ಗಟ್ಟಿಯಾಗುತ್ತದೆ, ಅದನ್ನು ಕೊಯ್ದು ಹಡಗಿಗೆ ಹೇರಿ ಹಿಂದಿನ ಕಾಲದಲ್ಲಿ ನಿಮ್ಮ ಮುಂಬಯಿಯತನಕ ಕಳಿಸುತ್ತಿದ್ದರು ಎಂದರು ಬಾಯಿ. ಅಜ್ಜ ಇದನ್ನು ಕೇಳಿ, "ಬಾಯಿ ಭಾಳ ಛಲೋ ಮನಶ್ಯಾಳು. ಆದ್ರ ಬಿಸಲು ತಲೀಗೆ ಹತ್ತೇತಿ" ಎಂದ.

ಆಯಿಗೆ ಹಿಡಿಸಿದ ಮಾತೇ ಬೇರೆ. ಮೇನಿನಲ್ಲಿ ಹುಟ್ಟದವರು ಹಾಲು ಕುಡಿಯುವ ಕೂಸಾಗಿ ಬಂದು ಅಲ್ಲಿಯೇ ಮುದುಕರಾದರೂ ಹೊರಗಿನವರೇ ಅಂತೆ. ಆಯಿ ಲಾಳಿಯ ಕಂಡಿಕೆಗೆ ನೂಲು ಸುತ್ತುವುದನ್ನು ನಿಲ್ಲಿಸಿ ಅಜ್ಜನ ಕಡೆ ನೋಡಿದಳು. "ನಿಮ್ಮ ಮಂದಿ ಅಲ್ಲಿಯೂ ಅದಾರ ನೋಡ್ರಿ" ಎಂದಳು.

ಆಮೇಲೆ ದಿಪೋಟಿ ಸಾಹೇಬರು ಬರುತ್ತಾರೆಂದು ಸುದ್ದಿ ಬಂತು. ಸಂಸ್ಥಾನದ ನಕಾಶೆ ಮಾತ್ರ ಬರಲಿಲ್ಲ. ಅಕ್ಕೋರು ನಮ್ಮ ಕಟ್ಟೆಗೆ ಬಂದು ಕಣ್ಣೀರು ಹಾಕಿದರು. ಅಜ್ಜನಿಗೆ ನನ್ನ ಲಗ್ನ ಬೇಗ ಆಗಲೆಂದು ಇತ್ತು, ನಿಜ. ಆದರೆ ಕಟ್ಟೆಯ ಮೇಲೆ ಹೆಣ್ಣುಮಗಳು ಅತ್ತರೆ ಅವನಿಗೆ ತಡೆಯುತ್ತಿರಲಿಲ್ಲ. ಗಂಜಿಗಡಿಗೆಯ ಕಡೆ ನೋಡಿ ಹೇಳಿದ:

"ಅಕ್ಕೋರ, ನಕಾಶಿ ಐತಲ್ಲ. ಹೆಸರು ಅಷ್ಟ ಬದಲಿ ಮಾಡೂಣು."

"ತಪ್ಪಲ್ಲೇನ್ರಿ ಅಜ್ಜಾರ?"

"ತಪ್ಪು ಹೆಂಗಾಗತೈತ್ರಿ? ಅವರು ನಕಾಶಿ ಬೇಕಂದಾರ. ಖರೇನ ಇರಬೇಕಂತ ಅಂದಾರೇನು?"

ಚೀಟಿಗಳ ಮೇಲೆ ಅಕ್ಕೋರು ದುಂಡಗೆ ಹೆಸರು ಬರೆದರು. ಅಜ್ಜ ಒಂದೊಂದಕ್ಕೂ ಗಂಜಿ ಸವರಿ ಅಂಟಿಸಿದ. ಅಗಸ್ಟಾದ ಮೇಲೆ ಜಮಖಂಡಿ, ಎರಡೂ ರಾಜಧಾನಿ ಎಂದು. ಸಮುದ್ರದ ಮೇಲೆ ಕೃಷ್ಣಾ ನದಿ. ಬನಹಟ್ಟಿ ನದಿಯ ದಂಡೆಗೆ, ತುಸು ದೊಡ್ಡ ಅಕ್ಷರದಲ್ಲಿ. ನೆರೆಯ ಸಂಸ್ಥಾನಗಳೂ ಕಾಣಲಿ ಎಂದು ಮುಧೋಳವನ್ನು ಅಂಚಿನಾಚೆ ಹಚ್ಚಿದ. ರಬಕವಿಯ ಚೀಟಿ ಉಳಿಯಿತು. ಅಜ್ಜ ಅದನ್ನು ತೆಗೆದುಕೊಂಡು ಹೋಗಿ ನೀರಿನ ನಡುವಿನ ಒಂದು ನಡುಗಡ್ಡೆಗೆ ಅಂಟಿಸಿದ.

"ನನ್ನ ತವರುಮನಿ ಮುಳುಗಸ್ತೀರೇನು?" ಆಯಿ ಲಾಳಿ ಹಿಡಿದೇ ಎದ್ದುಬಂದಳು.

"ಮುಳುಗಿಸಿಲ್ಲ ಬೇ. ಸುತ್ತ ನೀರು ಬಿಟ್ಟೇನಿ. ತಂಪಿರಲಿ."

ಮಾರನೆಯ ದಿನ ದಿಪೋಟಿ ಸಾಹೇಬರು ಬಂದರು. ಕರಿ ಕೋಟು, ರುಮಾಲು, ಮೀಸೆ. ಉಳಿದ ಮುಖವನ್ನು ನಾನು ನೋಡಲಿಲ್ಲ. ಬಿಸಿಲು ಬಾಗಿಲಲ್ಲಿ ನಿಂತು ಉರಿಯುತ್ತಿತ್ತು. ಅಜ್ಜ ಹೊರಗೆ ಕಿಟಕಿಯ ಹತ್ತಿರ ಬೀಡಿ ಸೇದುವ ನೆಪದಲ್ಲಿ ನಿಂತಿದ್ದ. ಸಾಹೇಬರು ನಕಾಶೆಯನ್ನು ಬಹಳ ಹೊತ್ತು ನೋಡಿದರು. ಕೋಲು ಎತ್ತಿ ಸಮುದ್ರದ ಮೇಲಿಟ್ಟರು.

"ಇದು ಕೃಷ್ಣಾ?"

"ಹೌದ್ರಿ" ಎಂದರು ಅಕ್ಕೋರು. ದನಿ ಅವರಿಗೇ ಕೇಳಿಸಿತೋ ಇಲ್ಲವೋ.

"ಈ ಕಡೆ ದಂಡಿ ಕಾಣತೈತಿ. ಆ ಕಡೆ ದಂಡಿ ಎಲ್ಲೈತಿ?"

ಅಕ್ಕೋರ ಕಿವಿ ಕೆಂಪಾಗಿತ್ತು. ಅವರ ಅಣ್ಣನ ಅಡಿಗೆಕೋಣೆ, ನನ್ನ ತೇರದಾಳ, ಎರಡೂ ಆ ಕೋಲಿನ ತುದಿಯಲ್ಲಿ ಕೂತಿದ್ದವು. ಕಂಬದ ಹಿಂದೆ ನಿಲ್ಲುವ ಹುಡುಗಿಯ ಬಾಯಿಂದ ಮಾತು ಹೇಗೆ ಬಂತೋ ನನಗೆ ಇಂದಿಗೂ ಗೊತ್ತಿಲ್ಲ.

"ಮಹಾಪೂರ ಬಂದೈತ್ರಿ" ಎಂದೆ.

ಸಾಹೇಬರ ಮೀಸೆ ಅಲುಗಿತು. ಅಷ್ಟರಲ್ಲಿ ಒಂದು ಚಟ್ ಎಂಬ ಸದ್ದು. ನೂಲಿಗೆ ಉಣಿಸುವ ಗಂಜಿ ಕಾಗದವನ್ನು ಹಿಡಿಯುವುದಿಲ್ಲ, ಬಿಸಿಲಿಗೆ ಒಣಗಿದರೆ ಸಿಡಿಯುತ್ತದೆ. ಜಮಖಂಡಿ ಸುರುಳಿಯಾಗಿ ಕಿತ್ತುಬಂದು ಸಾಹೇಬರ ಜೋಡಿನ ಮೇಲೆ ಬಿತ್ತು. ಅವರು ಕನ್ನಡಕ ಏರಿಸಿ ಅದು ಇದ್ದ ಜಾಗ ಓದಿದರು. "ಅಗಸ್ಟಾ" ಎಂದರು. ಮುಧೋಳ ಬಿತ್ತು. ಬನಹಟ್ಟಿ ಬಿತ್ತು. ಕೃಷ್ಣೆಯೂ ಬಿದ್ದಳು. ಕೆಲವೇ ವರ್ಷಗಳಲ್ಲಿ ಸಂಸ್ಥಾನಗಳೆಲ್ಲ ನಿಜವಾಗಿಯೂ ಹೀಗೆಯೇ ಒಂದರ ಹಿಂದೊಂದು ಹೋಗಲಿದ್ದವು. ಆಗ ನಮಗೇನು ಗೊತ್ತು? ನಡುಗಡ್ಡೆಯ ರಬಕವಿ ಮಾತ್ರ ಅಲ್ಲಾಡಲಿಲ್ಲ. ಅಜ್ಜ ಅಂಟಿಸಿ ಹೋದ ಮೇಲೆ ಆಯಿ ಅದಕ್ಕೆ ಮತ್ತೊಮ್ಮೆ ಮೈದಾ ಅಂಟು ಹಚ್ಚಿದ್ದಳೆಂದು ಆಮೇಲೆ ತಿಳಿಯಿತು.

ಸಾಹೇಬರು ಕುರ್ಚಿಯಲ್ಲಿ ಕೂತರು. "ಇದನ್ನ ಬರೇ ಅಂಟಿಸೀರೋ, ಕಲಿಸೀರೋ?" ಎಂದು ಅಕ್ಕೋರನ್ನು ಕೇಳಿ, ನನ್ನ ಕಡೆ ಬೆರಳು ತೋರಿಸಿದರು. "ಮಹಾಪೂರದಾಕಿ, ನೀ ಹೇಳು."

ನೆಲ ನೋಡುತ್ತ ಹೇಳಿದೆ. ನದಿ, ಅಡವಿ, ಹಡಗಿನ ಕಂಬ, ಮುಂಬಯಿಗೆ ಬಂದ ನೀರುಗಡ್ಡೆ. ಏಡಿಯನ್ನು ಬಿಟ್ಟೆ. ಮೊದಲು ಮೇನ್ ಮ್ಯಾಸಚೂಸೆಟ್ಸ್ ಎಂಬ ದೊಡ್ಡ ಸೀಮೆಯ ಕೈಯಲ್ಲಿತ್ತು, ಆಮೇಲೆ ಬೇರೆಯಾಯಿತು ಎಂದೂ ಹೇಳಿದೆ. ಆ ಹೆಸರು ಹೇಳುವಾಗ ಎರಡು ಸಲ ನಾಲಿಗೆ ಕಚ್ಚಿಕೊಂಡೆ.

"ಯಾಕ ಬ್ಯಾರೆ ಆತು?"

ಅದನ್ನು ಅಕ್ಕೋರು ಕಲಿಸಿರಲಿಲ್ಲ. ಆದರೆ ನಕಾಶೆಯ ಮೂಲೆಯಲ್ಲಿ ಸಣ್ಣದಾಗಿ ಆ ಎರಡೂ ಸೀಮೆಗಳ, ಅವುಗಳ ನಡುವಿನ ಇನ್ನೊಂದರ ಚಿತ್ರವಿತ್ತು. ಅದನ್ನು ನೋಡಿದಾಗಲೆಲ್ಲ ನನಗೆ ಆಯಿಯ ತವರಿನ ಹೊಲದ ತಂಟೆ ನೆನಪಾಗುತ್ತಿತ್ತು.

"ನಡುವ ಇನ್ನೊಬ್ಬರ ಸೀಮಿ ಐತ್ರಿ" ಎಂದೆ. "ಹೊಲದ ಸಲುವಾಗಿ ಒಂದು ಸಹಿ ಬೇಕಂದ್ರ ಅದನ್ನ ದಾಟಿ ಹೋಗಬೇಕು. ಬುತ್ತಿ ಕಟಗೊಂಡು ಹೋಗಿ ಮುಟ್ಟೂದ್ರಾಗ ಕಚೇರಿ ಬಾಗಲಾ ಹಾಕಿರತೈತಿ. ರಬಕವಿಯೋರು ಸಾಂಗಲಿಗೆ ಹೋದಂಗ್ರಿ. ಅವರಿಗೂ ಸಾಕಾಗಿರಬೇಕು."

ಸಾಹೇಬರು ಅಪ್ಪಟ ಜಮಖಂಡಿಯವರು. ಮೊದಲು ಕೆಮ್ಮಿದರು, ಆಮೇಲೆ ರುಮಾಲು ಸಡಿಲಾಗುವಷ್ಟು ನಕ್ಕರು. ಕಣ್ಣು ಒರೆಸಿಕೊಂಡು, "ಅಕ್ಕೋರ, ನಾಕನೇ ಇಯತ್ತೆ ಚಾಲೂ ಮಾಡ್ರಿ" ಎಂದರು. ಹೊರಡುವಾಗ ಕಿಟಕಿಯ ಕಡೆ ತಿರುಗಿ, "ಹೊರಗ ನಿಂತವರ, ನೂಲಿನ ಗಂಜಿ ಕಾಗದಕ್ಕ ಹತ್ತೂದಿಲ್ಲ" ಎಂದರು.

"ಮುಂದಿನ ಸಲ ಮೈದಾ ಹಚ್ಚತೇನ್ರಿ" ಎಂದ ಅಜ್ಜ.

ಆಮೇಲೆ ಜಮಖಂಡಿ ಸಂಸ್ಥಾನದ ನಕಾಶೆ ನಿಜವಾಗಿಯೂ ಬಂತು. ಒಂದು ತುಂಡು ಇಲ್ಲಿ, ಒಂದು ತುಂಡು ಅಲ್ಲಿ, ನಡುವೆಲ್ಲ ಬೇರೆಯವರ ಸೀಮೆ. ಇಲಿ ಕಡಿದಿದೆ ಎಂದೇ ನಾವು ತಿಳಿದೆವು. "ಆ ಬಾಯಿ ಸಂಸ್ಥಾನನ ಛಲೋ ಇತ್ತು" ಎಂದ ಅಜ್ಜ. "ರಾಜ ಇರದಿದ್ರೂ ಒಂದ ಕಡೆ ಇತ್ತು." ಸಂಸ್ಥಾನಗಳು ವಿಲೀನವಾದಾಗ ಗಡಿಕಲ್ಲನ್ನು ಯಾರೋ ಕಿತ್ತು ಬಟ್ಟೆ ಒಗೆಯಲು ಒಯ್ದರು. ಆ ಸಂಜೆ ಆಯಿ, "ಇನ್ನರೆ ನಾ ನಿಮ್ಮ ಸಂಸ್ಥಾನದಾಕಿ ಆದ್ನೇನ್ರಿ?" ಎಂದು ಕೇಳಿದಳು. ಅಜ್ಜ ಲಾಳಿ ಎಸೆಯುವುದನ್ನು ನಿಲ್ಲಿಸಿ ಯೋಚಿಸಿದ. "ಇಲ್ಲ" ಎಂದ. "ನೀ ರಬಕವಿಯಾಕಿನ. ಅದು ಕಿತ್ತು ಬರೂದಲ್ಲ." ಆಯಿ ಅಂದು ಸಾರಿಗೆ ಉಪ್ಪು ಸರಿಯಾಗಿ ಹಾಕಿದ್ದಳು.

ತೇರದಾಳದವರು ಕಾಯಲಾರದೆ ಬೇರೆ ಕಂಬ ನೋಡಿಕೊಂಡರು. ನಾನು ನಾಲ್ಕನೇ ಇಯತ್ತೆ ಓದಿದೆ. ನೀವು ಈಗ ಓದುತ್ತಿರುವ ಅಕ್ಷರ ಆ ವರ್ಷದ ಗಳಿಕೆ.

ಇಂದು ಬೆಳಿಗ್ಗೆ ನೀವು ಏಳುವ ಮೊದಲು ಒಂದು ಹಳೆಯ ಲಗ್ನಪತ್ರಿಕೆಯ ರಟ್ಟು ಕತ್ತರಿಸಿದೆ. ನಕಾಶೆ ನೋಡದೆ, ನೆನಪಿನಿಂದಲೇ. ದಂಡೆಯ ಬಳಿ ಕತ್ತರಿ ಸ್ವಲ್ಪ ತಡವರಿಸಿತು, ಆದರೂ ತೂತಿಗೆ ಸರಿಯಾಗಿ ಕೂತಿತು. ಪೆನ್ಸಿಲಿನಲ್ಲಿ ಮೇನ್ ಎಂದು ಬರೆದು, ಅಲುಗದಂತೆ ಮೈದಾ ಹಚ್ಚಿ ಅಂಟಿಸಿದ್ದೇನೆ. ಸಂಜೆ ನಿಮ್ಮ ಗೆಳೆಯರು ಆಡಲು ಬರಲಿ. ಈ ಸಲ ಒಲೆಯ ಮೇಲೆ ಹಾಲಿರುವುದಿಲ್ಲ; ಪಡಸಾಲೆಯಲ್ಲೇ ಕೂತು, ಏಡಿಯನ್ನೂ ಸೇರಿಸಿ, ಕೇಳಿದ್ದೆಲ್ಲ ಹೇಳುತ್ತೇನೆ. ಸಮುದ್ರದ ದಂಡೆಗೆ ಸಣ್ಣ ಅಕ್ಷರದಲ್ಲಿ ಬನಹಟ್ಟಿ ಎಂದು ಯಾಕೆ ಇದೆ ಎಂದು ಅವರಲ್ಲಿ ಯಾರಾದರೂ ಕೇಳಿದರೆ, ಕೃಷ್ಣೆಗೆ ಮಹಾಪೂರ ಬಂದಿತ್ತು ಎನ್ನಿರಿ.