ಮುನಿಆಂಜನಪ್ಪ ಲಂಕೆಗೆ ಯಾಕೆ ಹೋದರು?

ಮುನಿಆಂಜನಪ್ಪನವರನ್ನು ಮೊದಲ ಸಲ ಕಂಡಾಗ ನಾನು ಅವರನ್ನು ಕುಡುಕ ಅಂದುಕೊಂಡೆ. ತಪ್ಪು ಪೂರ್ತಿ ನನ್ನದಲ್ಲ. ಇಂದಿರಾನಗರದ ನಮ್ಮ ಬಡಾವಣೆಯಲ್ಲಿ ಅಂದು ರಾಜ್ಯೋತ್ಸವ. ಮುಖ್ಯ ಅತಿಥಿಗಳ ಕಾರು ಮೂಲೆ ತಿರುಗಿತ್ತು. ಸಂಘದ ಕಾರ್ಯದರ್ಶಿಯಾದ ನಾನು ಹಾರ ಹಿಡಿದು, ಫೋಟೋದಲ್ಲಿ ಚೆನ್ನಾಗಿ ಬೀಳುವ ಕಡೆ ಕೊರಳು ತಿರುಗಿಸಿ ನಿಂತಿದ್ದೆ. ಅಷ್ಟರಲ್ಲಿ ದಪ್ಪ ಮೀಸೆಯ ಗಟ್ಟಿಮುಟ್ಟಾದ ಆಸಾಮಿಯೊಬ್ಬರು ನನ್ನನ್ನು ಪಕ್ಕಕ್ಕೆ ಸರಿಸಿ ಖಾಲಿ ವೇದಿಕೆ ಹತ್ತಿದರು. ಹತ್ತಿದವರೇ ನಾಲ್ಕೂ ಮೂಲೆಗೆ ಹೋಗಿ ಧಡಧಡ ಕುಣಿದರು. ಆಮೇಲೆ ಮಧ್ಯಕ್ಕೆ ಬಂದು, ಎರಡೂ ಕಾಲು ಎತ್ತಿ ಕುಪ್ಪಳಿಸಿದರು.

"ಯಾರ್ರೀ ಅದು, ಬೆಳಗ್ಗೆಬೆಳಗ್ಗೇನೇ ಹಾಕ್ಕೊಂಡು ಬಂದಿರೋದು? ಇಳಿಸ್ರೀ ಕೆಳಗೆ!" ಎಂದು ಕೂಗಿದೆ.

ಮೈಕ್‌ಸೆಟ್ಟಿನ ಜಿಯಾವುಲ್ಲಾ ನನ್ನ ತೋಳು ಹಿಡಿದ. ಶಿವಾಜಿನಗರದವನು, ಯಾವ ಸಭೆಯಲ್ಲೂ ಭಾಷಣಕಾರರಿಗಿಂತ ಹೆಚ್ಚು ತಿಳಿದವನು. "ಸುಮ್ನಿರಿ ಸಾರ್. ಅವರು ಶಾಮಿಯಾನದೋರು. ಸ್ಟೇಜ್ ಹಾಕಿದೋರೇ ಮೊದ್ಲು ಹತ್ತಿ ತುಳೀಬೇಕಂತೆ. ಮಿಲ್ಟ್ರಿ ರೂಲು."

ನಿಜವೇ ಆಗಿತ್ತು. ದೊಡ್ಡನೆಕ್ಕುಂದಿಯ ರಾಗಿ ಹೊಲದ ಮನೆತನದಲ್ಲಿ ಹುಟ್ಟಿದ ಮುನಿಆಂಜನಪ್ಪ, ಹಲಸೂರು ಕೆರೆಯ ಪಕ್ಕದ ಎಂಇಜಿ ಎಂಬ ಸೈನ್ಯದ ಎಂಜಿನಿಯರ್ ದಳದಲ್ಲಿ ಸ್ಯಾಪರ್ ಆಗಿ ಸೇರಿ, ಹವಾಲ್ದಾರರಾಗಿ ನಿವೃತ್ತರಾದವರು. ಸೈನ್ಯಕ್ಕೆ ರಸ್ತೆ, ಸೇತುವೆ ಮಾಡಿಕೊಡುವುದು, ದಾರಿಯಲ್ಲಿ ಹೂತ ಬಾಂಬು ತೆಗೆಯುವುದು ಸ್ಯಾಪರ್‌ಗಳ ಕೆಲಸ. ಅವರಲ್ಲೊಂದು ಪದ್ಧತಿಯಿದೆ: ಸೇತುವೆ ಕಟ್ಟಿದವನೇ ಅದರ ಮೇಲೆ ಮೊದಲು ನಡೆಯಬೇಕು. ಹೊಲ ಬಡಾವಣೆಯಾದ ಮೇಲೆ ಮುನಿಆಂಜನಪ್ಪ ಟಿನ್ ಫ್ಯಾಕ್ಟರಿ ಹತ್ತಿರ ಶಾಮಿಯಾನದ ಅಂಗಡಿ ಇಟ್ಟರು. ಪದ್ಧತಿ ಮಾತ್ರ ಬಿಡಲಿಲ್ಲ. ಮದುವೆ ಮಂಟಪವಾದರೂ ಸರಿ, ಗಂಡು ಹೆಣ್ಣು ಹತ್ತುವ ಮೊದಲು ಇವರ ಕುಣಿತ ಆಗಲೇಬೇಕು.

ತೊಂಬತ್ತೊಂಬತ್ತನೇ ಇಸವಿ ಬಂತು. ಕಾರ್ಗಿಲ್ ಯುದ್ಧ ಮುಗಿದ ಹೊಸತು. ಊರಿಗೆ ಊರೇ ಹುರುಪಿನಲ್ಲಿ ಕುದಿಯುತ್ತಿತ್ತು. ಆಟೋಗಳ ಮೇಲೆ ಬಾವುಟ, ಸಲೂನಿನಲ್ಲಿ ಫಿರಂಗಿಗಳ ಚರ್ಚೆ. ನಮ್ಮ ಸಂಘದ ಅಧ್ಯಕ್ಷ ಕೆಂಪರಾಜ್ ತುರ್ತು ಸಭೆ ಕರೆದರು. ಅವರು ಸೈಟುಗಳ ಧಣಿ, ಮಗನನ್ನೂ ಅದೇ ವ್ಯಾಪಾರಕ್ಕೆ ಇಳಿಸಿದವರು. ತಮ್ಮ ಹೆಸರಿರುವ ಕಲ್ಲು ಕಂಡರೆ ನಿಂತು ಓದುವ ಮನುಷ್ಯ.

"ಆಗಸ್ಟ್ ಹದಿನೈದಕ್ಕೆ ಒಬ್ಬ ಯೋಧರಿಗೆ ಸನ್ಮಾನ ಆಗ್ಲೇಬೇಕು. ಪಕ್ಕದ ಬಡಾವಣೆಯೋರು ಇಬ್ಬರಿಗೆ ಮಾಡ್ಬಿಟ್ಟಿದಾರೆ!"

ಕಾರ್ಗಿಲ್ಲಿನ ಯೋಧರೆಲ್ಲ ಇನ್ನೂ ಬೆಟ್ಟದ ಮೇಲಿದ್ದರು. ಸನ್ಮಾನಕ್ಕೆ ಕೆಳಗಿಳಿದು ಬನ್ನಿ ಎನ್ನಲು ಅಧ್ಯಕ್ಷರಿಗೂ ಧೈರ್ಯ ಸಾಲಲಿಲ್ಲ. ಆಗ ಬಾಗಿಲಲ್ಲಿ ವೈರು ಸುತ್ತುತ್ತಿದ್ದ ಜಿಯಾವುಲ್ಲಾ ಬಾಯಿಬಿಟ್ಟ: "ನಮ್ಮ ಮುನಿಆಂಜನಪ್ಪನೋರೇ ಇದಾರಲ್ಲ ಸಾರ್. ಎರಡೂವರೆ ವರ್ಷ ಶ್ರೀಲಂಕಾದಲ್ಲಿದ್ದು ಬಂದೋರು."

"ಶ್ರೀಲಂಕಾದಲ್ಲಾ? ಅಲ್ಲಿಗೆ ನಾವ್ಯಾಕೆ ಹೋಗಿದ್ವಿ?" ಅಂದರು ಕೆಂಪರಾಜ್.

ಎಲ್ಲರೂ ನನ್ನ ಮುಖ ನೋಡಿದರು. "ಅದು ಅಂತರರಾಷ್ಟ್ರೀಯ ವಿಚಾರ," ಎಂದು ಗಂಭೀರವಾಗಿ ಹೇಳಿ ಟೀ ಕುಡಿದೆ.

ಮರುದಿನ ಅಧ್ಯಕ್ಷರೂ ನಾನೂ ದೊಡ್ಡನೆಕ್ಕುಂದಿಗೆ ಹೋದೆವು. ಸನ್ಮಾನ ಎಂದರೆ ಮನೆಯವರು ಕುಣಿದಾಡುತ್ತಾರೆ ಎಂದು ಎಣಿಸಿದ್ದೆವು. ಕುಣಿದಾಡಿದ್ದು ಮಗ ಮುನೀಂದ್ರ ಒಬ್ಬನೇ. ಪಿಯುಸಿ ಮುಗಿಸಿದ್ದ ಹುಡುಗ; ಮುಂದಿನ ವಾರ ಸೈನ್ಯದ ಭರ್ತಿ ಇದೆಯೆಂದು ದಿನಾ ಕೆರೆ ಏರಿ ಮೇಲೆ ಓಡುತ್ತಿದ್ದ. ಅವನ ತಾಯಿ ಆಂಜನಮ್ಮ ಮಾತ್ರ ಸೊಪ್ಪು ಬಿಡಿಸುತ್ತ ತಲೆ ಎತ್ತದೆ ಹೇಳಿದರು:

"ಶಾಲು ಆಮೇಲೆ ಹೊದಿಸಿ. ಮೊದ್ಲು ಇವರನ್ನ ಒಂದ್ ಮಾತು ಕೇಳಿ. ಅಷ್ಟು ದೂರ ಯಾಕೆ ಹೋದ್ರಿ ಅಂದ್ರೆ 'ಕಳಿಸಿದ್ರು, ಹೋದೆ' ಅಂತಾರೆ. ಅದೊಂದು ಕಾರಣಾನಾ? ನಾನು ಅಂಗಡಿಗೆ ಕಳಿಸಿದ್ರೂ ಉಪ್ಪಿಗೆ ಅಂತ ಹೇಳಿ ಕಳಿಸ್ತೀನಿ."

"ಅಮ್ಮಾ, ಅದು ದೇಶದ ವಿಷ್ಯ..." ಅಂದ ಮುನೀಂದ್ರ.

"ಮುಚ್ಚೋ ಬಾಯಿ. ಅಪ್ಪನ್ನ ಕಳಿಸಿ ರೇಡಿಯೋ ತಬ್ಕೊಂಡು ಕೂತಿದ್ದೋಳು ನಾನು. ನೀವು ಕೇಳಿಸ್ಕೊಳ್ಳಿ ಸಾರ್. ಇವರು ಸರಿಯಾದ ಕಾರಣ ಹೇಳ್ಲಿ, ಮಗ ಭರ್ತಿಗೆ ಹೋಗ್ತಾನೆ. ಇಲ್ದಿದ್ರೆ ಶಾಮಿಯಾನದ ಹಗ್ಗ ಎಳ್ಕೊಂಡು ಇಲ್ಲೇ ಇರ್ತಾನೆ."

ಹುಡುಗನ ಮುಖ ಇಳಿದುಹೋಯಿತು. ಅಪ್ಪನ ಕಡೆ ನೋಡಿದ. ಮುನಿಆಂಜನಪ್ಪ ಮೀಸೆ ಉಜ್ಜಿಕೊಂಡರು. "ಸ್ಟೇಜ್ ಮೇಲೇ ಹೇಳ್ತೀನಿ ಬಿಡು. ಮನೇಲಿ ಹೇಳಿದ್ರೆ ಮಧ್ಯಮಧ್ಯ ಬಾಯಿ ಹಾಕ್ತೀಯ."

ಆಮಂತ್ರಣ ಪತ್ರಿಕೆ ಅಚ್ಚಾಯಿತು. ಕೆಂಪರಾಜ್ ಹೆಸರು ಬಸ್ಸಿನ ಬೋರ್ಡಿನಷ್ಟು ದಪ್ಪ. ಅದರ ಕೆಳಗೆ ಕಾರ್ಯದರ್ಶಿಯ ಹೆಸರು. ವಿನಯದಿಂದ ಒಂದು ಸುತ್ತು ಚಿಕ್ಕದು ಮಾಡಿಸಿದ್ದೆ. ಕೊನೆಯ ಸಾಲಿನಲ್ಲಿ "ವೀರಯೋಧರೊಬ್ಬರಿಗೆ ಸನ್ಮಾನ" ಎಂದಷ್ಟೇ ಇತ್ತು. ವೀರಯೋಧರ ಹೆಸರಿಗೆ ಜಾಗ ಸಾಲಲಿಲ್ಲ. ಆ ವೀರಯೋಧರು ತಮ್ಮ ಸನ್ಮಾನಕ್ಕೆ ತಾವೇ ಪೆಂಡಾಲು ಕಟ್ಟಿದರು, ತಾವು ಕೂರುವ ಸಿಂಹಾಸನವನ್ನು ತಾವೇ ಟೆಂಪೋದಿಂದ ಇಳಿಸಿದರು. ಕುಣಿದು ಕುಪ್ಪಳಿಸಿ ವೇದಿಕೆ ಪಾಸು ಮಾಡಿದ ಮೇಲೆ ಪೆಂಡಾಲಿನ ಹಿಂದೆ ಹೋಗಿ, ಇಸ್ತ್ರಿ ಮಾಡಿದ ಕೋಟು, ಎದೆಯ ಮೇಲೆ ಪದಕ ಹಾಕಿಕೊಂಡು ಬಂದರು. ಏನು ಚಪ್ಪಾಳೆ! ಯಾರೂ ಹೇಳದಿದ್ದರೂ ತಮಟೆಯವರು ಬಾರಿಸಲು ಶುರುಮಾಡಿಬಿಟ್ಟರು.

ಮೊದಲ ಸಾಲಿನಲ್ಲಿ ಆಂಜನಮ್ಮ ಸೆರಗು ಬಿಗಿದು ಕೂತಿದ್ದರು. ಪಕ್ಕದಲ್ಲಿ ಮುನೀಂದ್ರ ಉಗುರು ಕಡಿಯುತ್ತಿದ್ದ.

ನಾನು ಬರೆದ ಅಭಿನಂದನೆಯನ್ನು ನಾನೇ ಓದಿದೆ. "ಸಾಗರವನ್ನು ಲಂಘಿಸಿದ ಧೀರ, ವೈರಿಗಳ ಎದೆ ನಡುಗಿಸಿದ ರಣಕಲಿ..." ನನ್ನ ಕಣ್ಣೇ ಒದ್ದೆಯಾಯಿತು. ಮುನಿಆಂಜನಪ್ಪ ಮೈಕು ತೆಗೆದುಕೊಂಡರು.

"ಸಮುದ್ರ ದಾಟಿದ್ದು ಏರೋಪ್ಲೇನಲ್ಲಿ, ಜೀಪಿನ ಚಕ್ರದ ಪಕ್ಕ ಕೂತ್ಕೊಂಡು. ಬರೋವಾಗ ಹಡಗು. ದಾರಿಯುದ್ದಕ್ಕೂ ವಾಂತಿ."

ಪೆಂಡಾಲು ನಕ್ಕಿತು. ಅವರು ನೇರ ಹೆಂಡತಿಯ ಕಡೆ ತಿರುಗಿದರು.

"ಹೋಗೋವಾಗ ಹೇಳಿದ್ದು ಇಷ್ಟು. ಅಲ್ಲಿ ತಮಿಳರಿಗೂ ಸರ್ಕಾರಕ್ಕೂ ಯುದ್ಧ ಆಗ್ತಿದೆ. ಒಪ್ಪಂದ ಆಗಿದೆ, ಮಧ್ಯ ನಿಂತ್ಕೊಳ್ಳಿ, ಎಲ್‌ಟಿಟಿಇ ಹುಡುಗರ ಆಯುಧ ಇಸ್ಕೊಳ್ಳಿ, ಬೇಗ ಬಂದ್ಬಿಡಿ. ಹೊಸದ್ರಲ್ಲಿ ಜನ ಹಾರ ಹಾಕಿದ್ರು, ಎಳನೀರು ಕೊಟ್ರು. ನಾನು ಹಲಸೂರು ಮಾರ್ಕೆಟ್ಟಲ್ಲಿ ಸೊಪ್ಪು ಮಾರೋ ಶೇಷಮ್ಮನ ಹತ್ರ ಕಲಿತ ತಮಿಳಲ್ಲಿ ಮಾತಾಡ್ದೆ. ಜಾಫ್ನಾ ಹೆಂಗಸರು ಬಿದ್ದುಬಿದ್ದು ನಕ್ರು. 'ಅಪ್ಪಾ, ನೀನು ನಮ್ಮನ್ನ ಕಾಪಾಡೋಕೆ ಬಂದಿದೀಯೋ, ಸೊಪ್ಪು ಮಾರೋಕೆ ಬಂದಿದೀಯೋ?' ಅಂದ್ರು."

ಮತ್ತೆ ನಗು. ಆಂಜನಮ್ಮ ನಗಲಿಲ್ಲ. "ಕಾರಣ ಹೇಳ್ರೀ," ಎಂದರು ಕೂತಲ್ಲಿಂದಲೇ.

"ಅಲ್ಲಿಗೇ ಬಂದೆ ತಾಳು. ಆ ಹುಡುಗರು ಸ್ವಲ್ಪ ಆಯುಧ ಕೊಟ್ರು, ಉಳಿದದ್ದು ಇಟ್ಕೊಂಡ್ರು. ಆಮೇಲೆ ಅದರಲ್ಲೇ ನಮಗೆ ಹೊಡೆದ್ರು, ನಾವೂ ಹೊಡೆದ್ವಿ. ಟಿನ್ ಫ್ಯಾಕ್ಟರಿ ಸರ್ಕಲ್ಲಲ್ಲಿ ಜಗಳ ಬಿಡ್ಸೋಕೆ ಹೋದೋನ ಕಾಲರ್ ಹಿಡ್ಕೊಳ್ಳಲ್ವಾ? ಹಂಗೆ. ಕೊನೆಗೆ ನಮ್ಮನ್ನ ಕರೆದ ಅಲ್ಲಿನ ಸರ್ಕಾರಾನೇ ಹೋಗಿ ಅಂತು. ಜೊತೇಲಿ ಊಟ ಮಾಡ್ದೋರು ಎಷ್ಟೋ ಜನ ವಾಪಸ್ ಬರ್ಲಿಲ್ಲ. ಕಂಟೋನ್ಮೆಂಟ್ ಸ್ಟೇಷನ್ನಲ್ಲಿ ನಾನು ಇಳಿದಾಗ ಆಟೋದೋನು ಟ್ರಂಕಿಗೆ ಬೇರೆ ಚಾರ್ಜ್ ಅಂದ."

ತಮಟೆಯವರು ಕೋಲು ಕೆಳಗಿಟ್ಟರು. ಅಧ್ಯಕ್ಷರು ನನ್ನ ಕಿವಿಯಲ್ಲಿ, "ಶೌರ್ಯದ್ದು ಹೇಳಕ್ಕೆ ಹೇಳ್ರೀ, ಫೋಟೋದೋನು ಕಾಯ್ತಿದಾನೆ," ಅಂದರು.

ಮುನಿಆಂಜನಪ್ಪನವರಿಗೆ ಅದು ಕೇಳಿಸಿತೇನೋ. ಧ್ವನಿ ಏರಿತು.

"ಒಂದಿನ ಹಳ್ಳದ ಸೇತುವೆ ಹಾರಿಸಿಬಿಟ್ಟಿದ್ರು. ಕಬ್ಬಿಣದ ಹಲಗೆ ಹಾಕಿ ಹೊಸದು ಮಾಡಿದ್ವಿ. ಈ ಕಡೆ ನಮ್ಮ ಲಾರಿ ಸಾಲು. ಆ ಕಡೆ ನೋಡಿದ್ರೆ ಒಂದು ಎತ್ತಿನಗಾಡಿ, ಒಳಗೆ ಹೆರಿಗೆ ನೋವು ತಿಂತಿರೋ ಹೆಂಗಸು! ಆಸ್ಪತ್ರೆ ಇರೋದು ನಮ್ಮ ಬೆನ್ನ ಹಿಂದೆ. ಗಾಡಿ ಮೊದ್ಲು ಬರ್ಲಿ ಸಾರ್ ಅಂದೆ. ಸಾಹೇಬ್ರು ಹೂಂ ಅಂದ್ರು. ಆದ್ರೆ ಗಂಡ ಎತ್ತಿನ ಹಗ್ಗ ಬಿಡ್ತಿಲ್ಲ. ಸೇತುವೆ ನಂಬಲ್ಲ, ನನ್ನ ಬಟ್ಟೆ ನೋಡಿ ನನ್ನೂ ನಂಬಲ್ಲ. ಹೆಂಗಸು ಕಿರುಚ್ತಿದಾಳೆ. ಹಿಂದೆ ಎಲ್ಲೋ ಗುಂಡಿನ ಸದ್ದು. ಏನ್ ಮಾಡ್ಲಿ? ಸೇತುವೆ ಮಧ್ಯಕ್ಕೆ ಓಡಿದೆ. ಕುಣಿದೆ! ಎಗರಿದೆ! 'ನೋಡಣ್ಣಾ, ನಾನೇ ಕಟ್ಟಿದ್ದು, ನಾನು ಬಿದ್ರೆ ನೀನು ಬರಬೇಡ' ಅಂತ ಶೇಷಮ್ಮನ ತಮಿಳಲ್ಲಿ ಕೂಗಿದೆ. ಗಾಡೀಲಿದ್ದ ಮುದುಕಿಗೆ ನಗು ಬಂದ್ಬಿಡ್ತು. 'ಈ ಹುಚ್ಚ ಸುಳ್ಳು ಹೇಳಲ್ಲ, ಹೊಡಿಯೋ ಗಾಡಿ' ಅಂದ್ಲು. ಬಂತು ನೋಡಿ ಗಾಡಿ!"

ಜನ ಎದ್ದೇಬಿಟ್ಟರು. ಶಿಳ್ಳೆ, ಕೇಕೆ, ತಮಟೆ. ಜಿಯಾವುಲ್ಲಾ ಮೈಕ್‌ಸೆಟ್ಟು ಬಿಟ್ಟು ಬಂದು ಚಪ್ಪಾಳೆ ತಟ್ಟಿದ. ನಾನು ಕುರ್ಚಿಯ ಮೇಲೆ ನಿಂತಿದ್ದೆನೆಂದು ಆಮೇಲೆ ಫೋಟೋದಿಂದ ಗೊತ್ತಾಯಿತು.

ಗದ್ದಲ ಇಳಿಯಲು ಬಿಟ್ಟು ಮುನಿಆಂಜನಪ್ಪ ಮೆಲ್ಲಗೆ ಹೇಳಿದರು: "ಆಂಜನಮ್ಮಾ, ದೊಡ್ಡ ಕಾರಣ ದೆಹಲೀಲಿತ್ತು. ಅದು ಆಗಾಗ ಬದಲಾಗ್ತಿತ್ತು. ಪೂರ್ತಿ ನಂಗೆ ಯಾರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಚಿಕ್ಕ ಕಾರಣ ದಿನಾ ರಸ್ತೆ ಮೇಲಿರ್ತಿತ್ತು. ನಾನು ಮುಂದೆ ನಡೆದು ನೋಡ್ದಿದ್ರೆ ಹಿಂದಿನ ಲಾರಿ ಹಾರಿಹೋಗ್ತಿತ್ತು. ಬೆಳಗ್ಗೆ ಎದ್ದು ಹೋಗ್ತಿದ್ದಿದ್ದು ಅದಕ್ಕೆ. ನನ್ನ ಹತ್ರ ಇರೋದು ಇಷ್ಟೇ."

ಎಲ್ಲರ ಕತ್ತೂ ಮೊದಲ ಸಾಲಿಗೆ ತಿರುಗಿತು. ಆಂಜನಮ್ಮ ಎದ್ದು ನಿಂತರು.

"ಇಷ್ಟು ಹೇಳೋಕೆ ಹತ್ತು ವರ್ಷ ಬೇಕಾಯ್ತಾ ನಿಮಗೆ?"

"ಕಾರಣ ಕೇಳ್ದಾಗೆಲ್ಲ ನೀನು ಮುದ್ದೆ ಬಡಿಸ್ತಿದ್ದೆ. ನಾನು ಉಂಡು ಸುಮ್ನಾಗ್ತಿದ್ದೆ."

ಆಂಜನಮ್ಮನ ತುಟಿ ಕೊನೆಗೂ ಸಡಿಲವಾಯಿತು. ಮಗನ ಬೆನ್ನಿಗೆ ಒಂದು ಗುದ್ದು ಹಾಕಿದರು. "ಹೋಗೋ ಭರ್ತಿಗೆ. ಆದ್ರೆ ನಿಮ್ಮಪ್ಪನ ಥರ ಬಾಯಿ ಮುಚ್ಕೊಂಡು ಹೋಗ್ಬೇಡ. ಎಲ್ಲಿಗೆ ಕಳಿಸಿದ್ರೂ ಯಾಕೆ ಅಂತ ಕೇಳು. ತಿಳೀದಿದ್ರೆ ತಿಳಿಯೋವರೆಗೂ ಕೇಳು."

ಮುನೀಂದ್ರ ಅಲ್ಲಿಂದ ಹಾರಿದ ರಭಸಕ್ಕೆ ಎರಡು ಕುರ್ಚಿ ಮಗುಚಿದವು. ಅಪ್ಪ ಮೈಕನ್ನು ಜಿಯಾವುಲ್ಲಾನ ಕೈಗೆ ಕೊಟ್ಟು, ವೇದಿಕೆಯಿಂದ ಇಳಿದು ಬಂದು ಅವನನ್ನು ಅಪ್ಪಿಕೊಂಡು, ಕುರ್ಚಿಗಳನ್ನು ನೆಟ್ಟಗೆ ಮಾಡಿದರು.

ಇಷ್ಟಾದರೂ ಅಧ್ಯಕ್ಷರ ಕೈಗೆ ಮೈಕು ಸಿಕ್ಕಿರಲಿಲ್ಲ. ಅವರು ಶಾಲು ಹಿಡಿದುಕೊಂಡೇ ಇಳಿದು ಬಂದು, ಜಿಯಾವುಲ್ಲಾನ ಕೈಯಿಂದ ಮೈಕು ಕಸಿದು, ಫೋಟೋದವನ ಕಡೆ ಮುಖ ಮಾಡಿದರು. "ಮುನಿಆಂಜನಪ್ಪನೋರೇ, ಸಭಿಕರ ಪರವಾಗಿ ಒಂದೇ ಒಂದು ಪ್ರಶ್ನೆ. ಇರೋ ಒಬ್ಬ ಮಗನ್ನ ಮಿಲ್ಟ್ರಿಗೆ ಕಳಿಸ್ತಿದೀರಲ್ಲ, ನಿಮಗೆ ಭಯ ಆಗಲ್ವಾ?"

"ಆಗುತ್ತೆ ಸಾರ್," ಅಂದರು ಮುನಿಆಂಜನಪ್ಪ. "ನಿಮ್ಮ ಮಗನ್ನೂ ಜೊತೇಲಿ ಕಳ್ಸಿ, ಅರ್ಧ ಕಮ್ಮಿಯಾಗುತ್ತೆ."