ಹತ್ತಿ ಸಾಲಿನ ಮೆಂತ್ಯ

ಮಧ್ಯಾಹ್ನ ಎರಡು ಗಂಟೆಗೆ, ಜೈನಾಪುರದ ಅಕ್ಕನ ಮನೆಯಲ್ಲಿ, ಅವಳ ಅತ್ತೆ ಊಟದಿಂದ ಎದ್ದವರೇ ವಾಂತಿ ಮಾಡತೊಡಗಿದರು. ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಮೈಯೆಲ್ಲ ಬೆವರು.

ವಿಜಾಪುರದ ಮನೆಗಳಲ್ಲಿ ಈಗ ಹಸಿ ತರಕಾರಿಯನ್ನು ಸಣ್ಣಗೆ ಹೆಚ್ಚಿದ ಸಲಾಡಿನ ಹುಚ್ಚು. ಅದನ್ನು ಕಲಿತಿದ್ದ ಅಕ್ಕ ಹೊಲದ ಮೆಂತ್ಯ, ಮೂಲಂಗಿ ಹೆಚ್ಚಿ, ಶೇಂಗಾಪುಡಿ ಬೆರೆಸಿ ಬಡಿಸಿದ್ದಳು. “ಹಲ್ಲಿಲ್ಲದಾಕಿನೂ ಹಸೇದು ತಿನ್ನೂಹಂಗ ಮಾಡೀಯಲ್ಲ, ಇನ್ನಷ್ಟು ಹಾಕ ಬೇ,” ಎಂದು ಅತ್ತೆ ಬಟ್ಟಲು ಖಾಲಿ ಮಾಡಿದ್ದರು. ಅಕ್ಕ, ನಾನು ಇಬ್ಬರೂ ಇನ್ನೂ ಉಂಡಿರಲಿಲ್ಲ.

ಭಾವ ಓಡಿಬಂದರು. “ಹತ್ತಿ ಸಾಲಾಗಿನ ಮೆಂತೇನ ಲೇ ಅದು? ಮುಂಜಾನೆನ ಎಣ್ಣಿ ಹೊಡದೇನಲ್ಲ!”

ಹತ್ತಿಗೆ ಹೊಡೆದ ಕೀಟನಾಶಕ ಸೊಪ್ಪಿನ ಮೇಲೂ ಬಿದ್ದಿತ್ತು. ಟ್ರ್ಯಾಕ್ಟರಿನಲ್ಲಿ ಬಬಲೇಶ್ವರಕ್ಕೆ, ಅಲ್ಲಿಂದ ಜೀಪಿನಲ್ಲಿ ವಿಜಾಪುರದ ಆಸ್ಪತ್ರೆಗೆ ಒಯ್ದೆವು. ಅತ್ತೆ ಉಳಿದರು.

ಕಣ್ಣು ಮುಚ್ಚಿದರೆ ನನಗೆ ಈಗಲೂ ಆ ದಾರಿಯೇ ಕಾಣುತ್ತದೆ. ಅಕ್ಕ ಮಾತ್ರ, ಅತ್ತೆ ಆಸ್ಪತ್ರೆಯಿಂದ ಮನೆಗೆ ಬಂದ ಶುಕ್ರವಾರ ರಾತ್ರಿ ಅವರ ಮಗ್ಗುಲಲ್ಲೇ ಮಲಗಿ, ಬೆಳಗಿನವರೆಗೂ ನಿದ್ದೆ ಮಾಡಿದಳು.